ಅಳಿವೆಯ ನಾಲ್ವರು: ಡಾಕ್ಟರ್ ಫೀಲ್‌ಗುಡ್ ಬೆಳೆದದ್ದು, ಒಡೆದದ್ದು

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದುಕೊಂಡಿದ್ದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ.

ಇವತ್ತು ನಾನು ಒಂದು ಇಂಗ್ಲಿಷ್ ಬ್ಯಾಂಡಿನ ಕಥೆ ಹೇಳುತ್ತೇನೆ. ಹೆಸರು ಡಾಕ್ಟರ್ ಫೀಲ್‌ಗುಡ್. ಬೀಟಲ್ಸ್ ಗೊತ್ತಿಲ್ಲದವರು ಇಲ್ಲಿ ಯಾರೂ ಇರಲಾರರು. ಪಿಂಕ್ ಫ್ಲಾಯ್ಡ್, ಲೆಡ್ ಜೆಪ್ಪೆಲಿನ್ ಕೇಳಿದವರೂ ಇರಬಹುದು. ಈ ಹೆಸರು ಕೇಳಿದವರು ಮಾತ್ರ ಕಡಿಮೆ. ಆದರೆ 1976ರಲ್ಲಿ ಇವರ ಒಂದು ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಬಂತು. ಅದೂ ಸ್ಟುಡಿಯೋದಲ್ಲಿ ಕೂತು ಮಾಡಿದ್ದಲ್ಲ, ಜನರ ಮುಂದೆ ನುಡಿಸಿದ್ದನ್ನು ಹಾಗೆಯೇ ಹಿಡಿದಿಟ್ಟದ್ದು. ಅದಾಗಿ ಸುಮಾರು ಆರು ತಿಂಗಳಿಗೆ ಬ್ಯಾಂಡ್ ಒಡೆಯಿತು. ಒಂದು ಹಾಡಿನ ಮೇಲೆ ಜಗಳವಾಗಿ ಒಡೆಯಿತು ಅಂತ ಎಲ್ಲರೂ ಹೇಳುತ್ತಾರೆ. ಆ ಜಗಳ ನಡೆದದ್ದು ನಿಜ. ಆದರೆ ಕಾರಣ ಅದಲ್ಲ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಅವರ ಊರಿನಿಂದಲೇ ಶುರು ಮಾಡಬೇಕು.

ಲಂಡನ್ನಿನಿಂದ ಪೂರ್ವಕ್ಕೆ, ಥೇಮ್ಸ್ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಕ್ಯಾನ್ವೀ ಅಂತ ಒಂದು ದ್ವೀಪ ಇದೆ. ಎಸೆಕ್ಸ್ ಜಿಲ್ಲೆಗೆ ಸೇರಿದ್ದು. ಲಂಡನ್ನಿನಿಂದ ಐವತ್ತು ಕಿಲೋಮೀಟರ್ ಆಸುಪಾಸು. ದ್ವೀಪ ಅಂದಕೂಡಲೇ ತೆಂಗಿನಮರ, ಬಿಳಿ ಮರಳು ನೆನಪಿಸಿಕೊಳ್ಳಬೇಡಿ. ಇದು ಕೆಸರು ನೆಲ. ಉಬ್ಬರ ಬಂದಾಗ ಸಮುದ್ರದ ನೀರು ಊರಿನ ನೆಲಕ್ಕಿಂತ ಮೇಲೆ ನಿಲ್ಲುತ್ತದೆ. ಹದಿನೇಳನೇ ಶತಮಾನದಲ್ಲಿ ಡಚ್ಚರು ಬಂದು ಒಡ್ಡು ಕಟ್ಟಿದ್ದರಿಂದ ಆ ನೆಲ ಉಳಿಯಿತು. ಇವತ್ತಿಗೂ ಊರಿನ ಸುತ್ತ ಗೋಡೆ. ಗೋಡೆ ಹತ್ತಿ ನಿಂತರೇ ನೀರು ಕಾಣುವುದು.

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿತು. ಒಡ್ಡು ಒಡೆಯಿತು. ಬೆಳಗಾಗುವಷ್ಟರಲ್ಲಿ ಕ್ಯಾನ್ವೀಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಊರಿಗೆ ಊರೇ ಖಾಲಿ ಮಾಡಬೇಕಾಯಿತು. ಆಗ ಅಲ್ಲಿ ಐದು ವರ್ಷದ ಒಬ್ಬ ಹುಡುಗ ಇದ್ದ. ಹೆಸರು ಜಾನ್ ವಿಲ್ಕಿನ್ಸನ್. ನಮ್ಮ ಕಥೆಯ ಗಿಟಾರ್ ವಾದಕ.

ಪ್ರವಾಹ ಇಳಿದ ಮೇಲೆ ಊರಿಗೆ ಇನ್ನೊಂದು ರೂಪ ಬಂತು. ತೈಲದ ಟ್ಯಾಂಕುಗಳು ಎದ್ದವು. ಹಡಗಿನಲ್ಲಿ ದ್ರವರೂಪದ ಅನಿಲ ತುಂಬಿಕೊಂಡು ಸಾಗರ ದಾಟಿಸುವ ಪ್ರಯೋಗ ಜಗತ್ತಿನಲ್ಲಿ ಮೊದಲು ನಡೆದದ್ದು 1959ರಲ್ಲಿ. ಅಮೆರಿಕದ ಲೂಸಿಯಾನಾದಿಂದ ಹೊರಟ ಆ ಹಡಗು ಬಂದು ನಿಂತದ್ದು ಕ್ಯಾನ್ವೀಯಲ್ಲಿ. ನೀರಿನ ಆಚೆಗೆ ರಿಫೈನರಿಗಳ ಚಿಮಣಿ. ರಾತ್ರಿಯಿಡೀ ಉರಿಯುವ ಬೆಂಕಿ. ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತಕ್ಕೆ ಮಿಸಿಸಿಪ್ಪಿ ಡೆಲ್ಟಾ ತವರು ಅಂತಾರಲ್ಲ, ಅದನ್ನೇ ಹಿಡಿದು ಈ ಹುಡುಗರು ತಮ್ಮ ಕೆಸರು ನೆಲವನ್ನು ಥೇಮ್ಸ್ ಡೆಲ್ಟಾ ಅಂತ ಕರೆದುಕೊಂಡರು. ಆ ಮಾತಿನಲ್ಲಿ ಪ್ರೀತಿ ಇದೆ. ಅವರ ಹಾಡುಗಳಲ್ಲಿ ಬರುವ ಬೆಂಕಿ ಕಾರುವ ಗೋಪುರ, ಜೆಟ್ಟಿ, ನೀರು, ಇದೆಲ್ಲ ಅವರ ಮನೆ ಕಿಟಕಿಯಿಂದ ಕಂಡದ್ದೇ.

ಇನ್ನು ಆ ನಾಲ್ವರು.

ಜಾನ್ ವಿಲ್ಕಿನ್ಸನ್ ತನ್ನ ಹೆಸರನ್ನೇ ಹಿಂದೆಮುಂದೆ ಮಾಡಿ ವಿಲ್ಕೋ ಜಾನ್ಸನ್ ಆದ. ಕಾಲೇಜಿಗೆ ಅಂತ ಇಂಗ್ಲೆಂಡಿನ ಉತ್ತರದ ನ್ಯೂಕಾಸಲ್‌ಗೆ ಹೋದ. ಓದಿದ್ದು ಇಂಗ್ಲಿಷ್ ಸಾಹಿತ್ಯ. ಹಳೆಯ ಇಂಗ್ಲಿಷ್, ಐಸ್‌ಲ್ಯಾಂಡಿನ ಪುರಾತನ ಕಥನಗಳು, ಇವುಗಳ ಹುಚ್ಚು ಅವನಿಗೆ ಕೊನೆತನಕ ಇತ್ತು. ಪದವಿ ಮುಗಿಸಿ ಆಗಿನ ಎಷ್ಟೋ ಹುಡುಗರ ಹಾಗೆ ನೆಲದ ದಾರಿ ಹಿಡಿದು ಭಾರತಕ್ಕೆ ಬಂದ. ಗೋವಾ ತನಕ ಬಂದು, ಕೂದಲು ಬೆಳೆಸಿಕೊಂಡು ವಾಪಸ್ಸು ಹೋದ. ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟರ ಕೆಲಸಕ್ಕೆ ಸೇರಿದ.

ಹಾಡುಗಾರ ಲೀ. ಹುಟ್ಟು ಹೆಸರು ಲೀ ಕಾಲಿನ್ಸನ್. 1952ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿದ, ಹದಿಮೂರನೇ ವಯಸ್ಸಿಗೆ ಕ್ಯಾನ್ವೀಗೆ ಬಂದ. ಅವನ ಕೂದಲು ಪಾತ್ರೆ ಉಜ್ಜುವ ತಂತಿ ನಾರಿನ ಹಾಗೆ ಇತ್ತು. ಆ ನಾರಿಗೆ ಅಲ್ಲಿ ಬ್ರಿಲೋ ಅಂತ ಹೆಸರು. ಹಾಗಾಗಿ ಲೀ ಬ್ರಿಲೋ ಆದ. ವಕೀಲರ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಸೂಟು ಹಾಕಿಕೊಂಡು ಕಚೇರಿ, ಸಂಜೆ ಮೌತ್ ಆರ್ಗನ್. ಬೇಸ್ ಗಿಟಾರಿಗೆ ಜಾನ್ ಸ್ಪಾರ್ಕ್ಸ್, ಎಲ್ಲರಿಗೂ ಸ್ಪಾರ್ಕೋ. ಡ್ರಮ್ಸ್‌ಗೆ ಜಾನ್ ಮಾರ್ಟಿನ್, ದಪ್ಪ ಆಳು, ಅವನನ್ನು ಬಿಗ್ ಫಿಗರ್ ಅಂತಲೇ ಕರೆಯುತ್ತಿದ್ದರು. ನಾಲ್ವರಲ್ಲಿ ಮೂವರ ಹೆಸರು ಜಾನ್!

1971ರಲ್ಲಿ ಕ್ಯಾನ್ವೀಯ ಒಂದು ಬೀದಿಯಲ್ಲಿ ಲೀ ಮತ್ತು ವಿಲ್ಕೋ ಎದುರುಬದುರಾದರು. ಒಬ್ಬ ಸೂಟಿನಲ್ಲಿ, ಇನ್ನೊಬ್ಬ ಭಾರತದಿಂದ ಬಂದ ಹಿಪ್ಪಿ ವೇಷದಲ್ಲಿ. ಲೀ ಮತ್ತು ಗೆಳೆಯರ ಬ್ಯಾಂಡಿಗೆ ಆಗ ಗಿಟಾರ್ ನುಡಿಸುವವನು ಬೇಕಿತ್ತು. ಹೀಗೆ ಶುರುವಾಯಿತು. ಈ ಭೇಟಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಇವರಿಬ್ಬರೂ ಎಂದೂ ಒಂದೇ ಥರದವರಲ್ಲ. ಬ್ಯಾಂಡಿನ ಬಲ ಅದೇ ಆಗಿತ್ತು.

ಹೆಸರು ಎಲ್ಲಿಂದ ಬಂತು? ಅಮೆರಿಕದಲ್ಲಿ ಪಿಯಾನೋ ರೆಡ್ ಅನ್ನುವ ಬ್ಲೂಸ್ ಕಲಾವಿದ 1962ರಲ್ಲಿ ಈ ಹೆಸರಿನಲ್ಲಿ ಒಂದು ರೆಕಾರ್ಡ್ ತಂದಿದ್ದ. ಅದನ್ನು ಇಂಗ್ಲೆಂಡಿನ ಜಾನಿ ಕಿಡ್ ಅಂಡ್ ದಿ ಪೈರೇಟ್ಸ್ ಮತ್ತೆ ಹಾಡಿದರು. ಆ ಪೈರೇಟ್ಸ್‌ನ ಗಿಟಾರ್ ವಾದಕ ಮಿಕ್ ಗ್ರೀನ್ ಅಂದರೆ ವಿಲ್ಕೋಗೆ ದೇವರು. ಬ್ಯಾಂಡಿನಲ್ಲಿ ಗಿಟಾರು ಎರಡಿರುತ್ತವೆ ಅಲ್ವಾ? ಒಬ್ಬ ರಿದಮ್, ಅಂದರೆ ತಾಳ ಹಿಡಿಯುವ ಭಾಗ ನುಡಿಸುತ್ತಾನೆ, ಇನ್ನೊಬ್ಬ ಲೀಡ್, ಅಂದರೆ ರಾಗದ ಭಾಗ. ಮಿಕ್ ಗ್ರೀನ್ ಎರಡನ್ನೂ ಒಂದೇ ಗಿಟಾರಿನಲ್ಲಿ ಮಾಡುತ್ತಿದ್ದ. ಹುಡುಗ ವಿಲ್ಕೋ ಅದನ್ನು ಕಲಿಯಲು ಹೊರಟ. ಕಲಿಯುತ್ತಾ ಕಲಿಯುತ್ತಾ ಬೇರೆಯದೇ ಒಂದು ವರಸೆ ಕಂಡುಕೊಂಡ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಈ ಬಲಗೈ ಅರ್ಥವಾಗದಿದ್ದರೆ ಈ ಬ್ಯಾಂಡೇ ಅರ್ಥವಾಗುವುದಿಲ್ಲ.

ವಿಲ್ಕೋ ಹುಟ್ಟಾ ಎಡಚ. ಆದರೂ ಗಿಟಾರನ್ನು ಬಲಗೈಯವರ ಹಾಗೆ ಹಿಡಿದ. ತಂತಿ ಮೀಟುವ ಚಿಕ್ಕ ಬಿಲ್ಲೆ, ಪಿಕ್ ಅಂತಾರಲ್ಲ, ಅದನ್ನು ಬಳಸಲಿಲ್ಲ. ಬರಿಗೈ. ಬೆರಳುಗಳು ತಂತಿಯ ಮೇಲೆ ಕೆಳಗೆ, ಮೇಲೆ, ಮತ್ತೆ ಕೆಳಗೆ, ಒಂದೇ ಸಮನೆ ಓಡುತ್ತವೆ, ನಿಲ್ಲುವುದೇ ಇಲ್ಲ. ಹಾಗಾದರೆ ಶಬ್ದ ಯಾಕೆ ತುಂಡು ತುಂಡಾಗಿ ಕೇಳುತ್ತದೆ? ಎಡಗೈ ಅದನ್ನು ಕತ್ತರಿಸುತ್ತದೆ. ಎಡಗೈ ಒತ್ತಿದಾಗ ಸ್ವರ, ಸಡಿಲ ಬಿಟ್ಟಾಗ ಬರೀ ತಟ್ಟಿದ ಸದ್ದು. ಆ ತಟ್ಟಿದ ಸದ್ದು ಡ್ರಮ್ಸಿನ ಜೊತೆ ಸೇರಿಕೊಂಡು ತಾಳವಾಗುತ್ತದೆ. ತಾಳದ ನಡುವೆ ಚೂರಿಯ ಹಾಗೆ ಒಂದು ಕಾರ್ಡ್, ಅಂದರೆ ಒಟ್ಟಿಗೇ ಮೊಳಗುವ ಕೆಲವು ಸ್ವರ, ಅದರ ಬೆನ್ನಿಗೇ ಎರಡು ಮೂರು ಸ್ವರದ ಒಂದು ತುಣುಕು. ಮತ್ತೆ ತಾಳ. ಕೇಳುವವರಿಗೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ನಾನೂ ಪಿಕ್ ಪಕ್ಕಕ್ಕಿಟ್ಟು ಪ್ರಯತ್ನ ಮಾಡಿದ್ದೇನೆ. ಅರ್ಧ ಗಂಟೆಗೆ ಬೆರಳ ತುದಿ ಕೆಂಪಾಗಿ ಉರಿಯತೊಡಗಿತು. ಅವನು ಹೀಗೆ ರಾತ್ರಿ ರಾತ್ರಿ ಗಂಟೆಗಟ್ಟಲೆ ನುಡಿಸುತ್ತಿದ್ದ ಅಂತ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಈ ವರಸೆಯಿಂದ ಬ್ಯಾಂಡಿಗೆ ಒಂದು ಲಾಭ ಆಯಿತು. ಎರಡನೇ ಗಿಟಾರ್ ಬೇಡ, ಕೀಬೋರ್ಡ್ ಬೇಡ. ನಾಲ್ಕೇ ಜನ ಸಾಕು. ಸಾಮಾನು ಕಡಿಮೆ. ಒಂದು ವ್ಯಾನಿನಲ್ಲಿ ಎಲ್ಲ ತುಂಬಿಕೊಂಡು ಹೋಗಬಹುದು. ಮೂಲೆಯೊಂದು ಸಿಕ್ಕರೆ ಅಲ್ಲೇ ನಿಂತು ನುಡಿಸಬಹುದು. ಆ ಮೂಲೆ ಸಿಕ್ಕಿದ್ದು ಲಂಡನ್ನಿನ ಪಬ್‌ಗಳಲ್ಲಿ.

ಪಬ್ ಅಂದರೆ ಇಲ್ಲಿನ ದೊಡ್ಡ ದೊಡ್ಡ ಪಬ್ ಕಲ್ಪಿಸಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಅದು ಬೀದಿಗೊಂದು ಇರುವ ಜಾಗ. ಕೆಲಸ ಮುಗಿಸಿ ಬಂದವರು ಒಂದು ಗ್ಲಾಸ್ ಬಿಯರ್ ಹಿಡಿದು ಮಾತಾಡುತ್ತಾ ಕೂರುವ ಕಟ್ಟೆ. ಹಿಂದೆ ಒಂದು ಕೋಣೆ ಇರುತ್ತದೆ. ಕೆಲವು ಕಡೆ ಅಲ್ಲಿ ಜಾಝ್ ನಡೆಯುತ್ತಿತ್ತು. 1971ರಲ್ಲಿ ಉತ್ತರ ಲಂಡನ್ನಿನ ಕೆಂಟಿಷ್ ಟೌನ್‌ನಲ್ಲಿ ಟ್ಯಾಲಿ ಹೋ ಅನ್ನುವ ಪಬ್‌ಗೆ ಎಗ್ಸ್ ಓವರ್ ಈಸಿ ಅನ್ನುವ ಅಮೆರಿಕದ ಬ್ಯಾಂಡ್ ಬಂದು, ನಮಗೂ ಅವಕಾಶ ಕೊಡಿ ಅಂತ ಕೇಳಿತು. ಜನ ಬಂದರು, ಬಿಯರ್ ಖರ್ಚಾಯಿತು, ಮಾಲೀಕನಿಗೆ ಖುಷಿಯಾಯಿತು. ಉಳಿದ ಪಬ್‌ಗಳೂ ಬಾಗಿಲು ತೆರೆದವು. ಇಸ್ಲಿಂಗ್ಟನ್ನಿನ ಹೋಪ್ ಅಂಡ್ ಆಂಕರ್, ಹಾಲೋವೇ ರಸ್ತೆಯ ಲಾರ್ಡ್ ನೆಲ್ಸನ್, ಪಶ್ಚಿಮದ ನ್ಯಾಶ್‌ವಿಲ್. ಪತ್ರಿಕೆಯವರು ಇದಕ್ಕೆ ಪಬ್ ರಾಕ್ ಅಂತ ಹೆಸರಿಟ್ಟರು.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಪಬ್ ರಾಕ್ ಅನ್ನುವುದು ಒಂದು ಶೈಲಿಯ ಹೆಸರಲ್ಲ. ಅಲ್ಲಿ ಕಂಟ್ರಿ ನುಡಿಸುವವರಿದ್ದರು, ಸೋಲ್ ಹಾಡುವವರಿದ್ದರು, ಹಳೆಯ ರಾಕ್ ಅಂಡ್ ರೋಲ್ ಇಷ್ಟಪಡುವವರಿದ್ದರು. ಅವರನ್ನೆಲ್ಲ ಕೂಡಿಸಿದ್ದು ಕೋಣೆಯ ಅಳತೆ. ಆ ಕಾಲದ ದೊಡ್ಡ ಬ್ಯಾಂಡುಗಳು ದೊಡ್ಡ ಸಭಾಂಗಣಗಳಿಗೆ ಹೋಗಿಬಿಟ್ಟಿದ್ದವು. ಒಂದು ಹಾಡು ಇಪ್ಪತ್ತು ನಿಮಿಷ. ಒಂದು ಆಲ್ಬಂನಲ್ಲಿ ಮೂರು ರೆಕಾರ್ಡ್. ಕೂತು ಕೇಳಬೇಕು, ಕುಣಿಯುವ ಹಾಗಿಲ್ಲ. ಪಬ್‌ನಲ್ಲಿ ಹಾಡು ಮೂರು ನಿಮಿಷ. ಹಾಡುವವನ ಬೆವರು ನಿಮ್ಮ ಗ್ಲಾಸಿಗೆ ಬೀಳುವಷ್ಟು ಹತ್ತಿರ. ಚೆನ್ನಾಗಿಲ್ಲದಿದ್ದರೆ ಜನ ತಿರುಗಿ ಮಾತಿಗೆ ಕೂರುತ್ತಾರೆ. ಅದೇ ಪರೀಕ್ಷೆ.

ಡಾಕ್ಟರ್ ಫೀಲ್‌ಗುಡ್ ಈ ಪರೀಕ್ಷೆಗೆ ಬಂದದ್ದು 1973ರ ಬೇಸಿಗೆಯಲ್ಲಿ, ಅದೇ ಟ್ಯಾಲಿ ಹೋದಲ್ಲಿ. ಅದಕ್ಕೆ ಮುಂಚೆ ಒಂದು ದೊಡ್ಡ ವೇದಿಕೆ ಅವರಿಗೆ ಸಿಕ್ಕಿತ್ತು. 1972ರ ಆಗಸ್ಟ್‌ನಲ್ಲಿ ವೆಂಬ್ಲಿ ಮೈದಾನದಲ್ಲಿ ಹಳೆಯ ರಾಕ್ ಅಂಡ್ ರೋಲ್‌ನ ಒಂದು ದೊಡ್ಡ ಮೇಳ ನಡೆಯಿತು. ಚಕ್ ಬೆರಿ, ಲಿಟಲ್ ರಿಚರ್ಡ್ ಎಲ್ಲ ಬಂದಿದ್ದರು. ಹೈನ್ಝ್ ಅನ್ನುವ ಗಾಯಕನ ಹಿಂದೆ ಪಕ್ಕವಾದ್ಯಕ್ಕೆ ನಿಂತವರು ಇವರು. ಆಗ ಯಾರೂ ಅವರನ್ನು ಗಮನಿಸಲಿಲ್ಲ. ಮೈದಾನ ಅವರದಾಗಿರಲಿಲ್ಲ, ಸಣ್ಣ ಕೋಣೆ ಅವರದಾಗಿತ್ತು.

ಕೋಣೆಯಲ್ಲಿ ಅವರು ಹೇಗಿದ್ದರು? ಹಳೆಯ ಫಿಲ್ಮ್ ತುಣುಕುಗಳು ಉಳಿದಿವೆ, ದಯವಿಟ್ಟು ನೋಡಿ. ಲೀ ಬಿಳಿ ಸೂಟು ಹಾಕಿಕೊಂಡಿದ್ದಾನೆ. ಬಿಳಿ ಅಂದೆ, ಆದರೆ ಅದರ ಮೇಲೆ ಎಷ್ಟು ದಿನದ ಕೊಳೆಯೋ! ಮೈಕನ್ನು ಒಂದೇ ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಮುಷ್ಟಿಯನ್ನು ತಾಳಕ್ಕೆ ಸರಿಯಾಗಿ ಕುಟ್ಟುತ್ತಾನೆ. ಗಂಟಲು ಮರಳು ಕಾಗದದ ಹಾಗೆ. ಅವನು ನಗುವುದಿಲ್ಲ. ಪಕ್ಕದಲ್ಲಿ ಕಪ್ಪು ಸೂಟಿನ ವಿಲ್ಕೋ. ಹಿಪ್ಪಿ ಕೂದಲು ಹೋಗಿ, ಬಟ್ಟಲು ಕವುಚಿಟ್ಟ ಹಾಗೆ ಕ್ರಾಪು ಬಂದಿದೆ. ಕಪ್ಪು ಟೆಲಿಕಾಸ್ಟರ್ ಗಿಟಾರ್, ಅದರ ಮೇಲೆ ಕೆಂಪು ಪಟ್ಟಿ. ಕಣ್ಣು ದೊಡ್ಡದು ಮಾಡಿ ಎಲ್ಲೋ ದೂರ ನೋಡುತ್ತಾ, ಹಳಿಯ ಮೇಲೆ ಓಡುವವನ ಹಾಗೆ ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ಇದ್ದಕ್ಕಿದ್ದ ಹಾಗೆ ಗಿಟಾರನ್ನು ಭುಜಕ್ಕೆತ್ತಿ ಬಂದೂಕಿನ ಹಾಗೆ ಜನರ ಕಡೆ ಗುರಿ ಹಿಡಿಯುತ್ತಾನೆ. ಹಿಂದೆ ಸ್ಪಾರ್ಕೋ ಮತ್ತು ಬಿಗ್ ಫಿಗರ್ ಗೋಡೆಯ ಹಾಗೆ ಗಟ್ಟಿ. ಮುಂದಿನ ಇಬ್ಬರು ಹೀಗೆ ಕೆರಳಬೇಕಾದರೆ ಹಿಂದಿನವರು ಅಲ್ಲಾಡಬಾರದು.

ಲೀ ಮತ್ತು ವಿಲ್ಕೋ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ನೋಡುವುದು ಕಡಿಮೆ. ಆದರೆ ಒಬ್ಬನ ಮುಷ್ಟಿ ಬೀಳುವ ಜಾಗದಲ್ಲೇ ಇನ್ನೊಬ್ಬನ ಕಾರ್ಡ್ ಬೀಳುತ್ತದೆ. ನನಗಂತೂ ಆ ತುಣುಕು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

1974ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿ ಇವರನ್ನು ಕರೆಯಿತು. 1975ರ ಜನವರಿಯಲ್ಲಿ ಮೊದಲ ಆಲ್ಬಂ ಬಂತು, ‘ಡೌನ್ ಬೈ ದ ಜೆಟ್ಟಿ’. ಮುಖಪುಟ ಕಪ್ಪು ಬಿಳುಪು. ಗಾಳಿಗೆ ಕಣ್ಣು ಕಿರಿದು ಮಾಡಿ ನಿಂತ ನಾಲ್ಕು ಜನ. ಎಲ್ಲರೂ ಸ್ಟೀರಿಯೋ ಅನ್ನುತ್ತಿದ್ದ ಕಾಲದಲ್ಲಿ ಇದು ಮೊನೊದಲ್ಲಿ, ಅಂದರೆ ಎಡ ಬಲ ಅಂತ ಬೇರ್ಪಡಿಸದ ಒಂದೇ ಧ್ವನಿಯಲ್ಲಿ ಬಂತು. ನಿರ್ಮಾಪಕ ವಿಕ್ ಮೇಲ್. ಹೆಚ್ಚಿನದನ್ನು ನಾಲ್ವರೂ ಒಟ್ಟಿಗೆ ನಿಂತು ನುಡಿಸಿದ್ದು. ಒಂದರ ಮೇಲೊಂದು ಶಬ್ದ ಪೇರಿಸಬಾರದು ಅಂತ ವಿಲ್ಕೋ ಹಟ ಹಿಡಿದಿದ್ದ. ಅದರಲ್ಲಿ ‘ರಾಕ್ಸೆಟ್’ ಅಂತ ಒಂದು ಹಾಡಿದೆ. ಎಂಬತ್ತರ ದಶಕದ ಕೊನೆಗೆ ಸ್ವೀಡನ್ನಿನ ರಾಕ್ಸೆಟ್ ಜೋಡಿಯ ಹಾಡುಗಳನ್ನು ಎಲ್ಲರೂ ಕೇಳುತ್ತಿದ್ದೆವು, ನೆನಪಿದೆಯಾ? ಆ ಜೋಡಿ ಹೆಸರು ತೆಗೆದುಕೊಂಡದ್ದು ಈ ಹಾಡಿನಿಂದ.

ಅದೇ ಚಳಿಗಾಲದಲ್ಲಿ ಮೂರು ಪಬ್ ಬ್ಯಾಂಡುಗಳು ಸೇರಿ ಊರೂರು ತಿರುಗಿದವು. ನಾಟಿ ರಿದಮ್ಸ್ ಟೂರ್ ಅಂತ ಹೆಸರು. ಕೋಕೋಮೋ, ಚಿಲ್ಲಿ ವಿಲ್ಲಿ, ಇವರು. ಟಿಕೆಟ್ 75 ಪೆನ್ಸ್. ತಿರುಗಾಟ ಮುಗಿದಾಗ ಚಿಲ್ಲಿ ವಿಲ್ಲಿ ಬ್ಯಾಂಡ್ ಇರಲಿಲ್ಲ, ಚದುರಿಹೋಗಿತ್ತು. ಡಾಕ್ಟರ್ ಫೀಲ್‌ಗುಡ್ ಮಾತ್ರ ದೇಶಕ್ಕೆಲ್ಲ ಗೊತ್ತಾಗಿತ್ತು. ಆ ವರ್ಷ ಬ್ರಿನ್ಸ್‌ಲೀ ಶ್ವಾರ್ಟ್ಸ್, ಡಕ್ಸ್ ಡೀಲಕ್ಸ್ ಕೂಡ ಮುಗಿದವು. ಪಬ್ ರಾಕಿನ ಮೊದಲ ಗುಂಪಿನಲ್ಲಿ ಬಹಳ ಬ್ಯಾಂಡುಗಳು ಹೀಗೆ ಸದ್ದಿಲ್ಲದೆ ಹೋದವು. ಒಳ್ಳೆಯವರು, ಆದರೆ ಪಬ್ ದಾಟಿ ಮುಂದೆ ದಾರಿ ಸಿಗಲಿಲ್ಲ.

ಇವರಿಗೆ ಸಿಕ್ಕಿತು. 1975ರ ಅಕ್ಟೋಬರ್‌ನಲ್ಲಿ ಎರಡನೇ ಆಲ್ಬಂ ‘ಮಾಲ್‌ಪ್ರಾಕ್ಟಿಸ್’, 17ನೇ ಸ್ಥಾನ. 1976ರ ಸೆಪ್ಟೆಂಬರ್‌ನಲ್ಲಿ ‘ಸ್ಟುಪಿಡಿಟಿ’, ನಾನು ಮೊದಲೇ ಹೇಳಿದ ಆ ಲೈವ್ ಆಲ್ಬಂ. ಒಂದು ಬದಿ ಶೆಫೀಲ್ಡಿನಲ್ಲಿ ನುಡಿಸಿದ್ದು, ಇನ್ನೊಂದು ಬದಿ ಸೌತ್‌ಎಂಡ್‌ನ ಕರ್ಸಾಲ್ ಸಭಾಂಗಣದಲ್ಲಿ. ಸೌತ್‌ಎಂಡ್ ಅಂದರೆ ಕ್ಯಾನ್ವೀಯ ಪಕ್ಕದ ಊರು. ಕೇಳಲು ಬಂದವರು ಅವರದೇ ಜನ. ಅದು ಒಂದನೇ ಸ್ಥಾನಕ್ಕೆ ಹೋಯಿತು.

ಈಗ ನಾನು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ.

ಈ ಆಲ್ಬಂಗಳಲ್ಲಿ ಹಾಡು ಬರೆದವರು ಯಾರು ಅಂತ ನೋಡಿ. ಬ್ಯಾಂಡಿನ ಸ್ವಂತ ಹಾಡುಗಳು ಅಂದರೆ ಹೆಚ್ಚುಕಡಿಮೆ ಎಲ್ಲ ವಿಲ್ಕೋ ಬರೆದದ್ದು. ಲೀ ಹಾಡುತ್ತಾನೆ, ಆದರೆ ಮಾತು ವಿಲ್ಕೋನದು. ಮೊದಲ ಆಲ್ಬಂನಲ್ಲಿ ವಿಲ್ಕೋನ ಹಾಡುಗಳೇ ಜಾಸ್ತಿ. ಎರಡನೆಯದಕ್ಕೆ ಬರುವಷ್ಟರಲ್ಲಿ ಸುಮಾರು ಅರ್ಧ ಬೇರೆಯವರ ಹಳೆಯ ಹಾಡುಗಳು. ನಡುವೆ ಒಂದು ವರ್ಷವೂ ಇಲ್ಲ. ರಾತ್ರಿ ಕಾರ್ಯಕ್ರಮ, ಹಗಲು ಪ್ರಯಾಣ. ಬರೆಯಲು ಹೊತ್ತೆಲ್ಲಿ? ಮೂರನೆಯದು ಲೈವ್. ಲೈವ್ ಆಲ್ಬಂಗೆ ಹೊಸ ಹಾಡು ಬೇಕಿಲ್ಲ, ನೋಡಿ. ಆ ಆಲ್ಬಂ ಅವರನ್ನು ತುತ್ತತುದಿಗೆ ಒಯ್ದಿತು ಅನ್ನುವುದು ಒಂದು ಮಾತು. ಹೊಸ ಹಾಡಿನ ಪ್ರಶ್ನೆಯನ್ನು ಒಂದು ವರ್ಷ ಮುಂದೂಡಿತು ಅನ್ನುವುದು ಇನ್ನೊಂದು ಮಾತು. ನನಗೆ ಎರಡನೆಯದು ಮುಖ್ಯ ಅನ್ನಿಸುತ್ತದೆ.

ಪಬ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಹಾಡು ಯಾರದು ಅಂತ ಯಾರೂ ಕೇಳುವುದಿಲ್ಲ. ಅಮೆರಿಕದ ಹಳೆಯ ಬ್ಲೂಸ್ ಹಾಡಿದರೂ ಆದೀತು, ಹೋದ ವಾರದ ಹಾಡನ್ನೇ ಈ ವಾರ ಹಾಡಿದರೂ ಆದೀತು. ನಾಲ್ವರೂ ಸಮಾನರು. ಸಿಕ್ಕಿದ ದುಡ್ಡೂ ನಾಲ್ಕು ಪಾಲು. ರೆಕಾರ್ಡ್ ಕಂಪನಿಯ ಲೆಕ್ಕ ಬೇರೆ. ಅವರಿಗೆ ವರ್ಷ ವರ್ಷ ಹೊಸ ಆಲ್ಬಂ ಬೇಕು, ಅದರಲ್ಲಿ ಹೊಸ ಹಾಡು ಬೇಕು. ಹಾಡು ಬರೆದವನಿಗೆ ರಾಯಲ್ಟಿ ಬೇರೆಯಾಗಿ ಬರುತ್ತದೆ, ನುಡಿಸಿದವರಿಗೆ ಅದು ಇಲ್ಲ. ಇದು ಆ ವ್ಯವಹಾರದ ನಿಯಮ, ಯಾರ ತಪ್ಪೂ ಅಲ್ಲ. ಆದರೆ ಇದರಿಂದ ನಾಲ್ವರ ನಡುವೆ ಒಬ್ಬ ಬೇರೆಯಾಗುತ್ತಾನೆ. ಭಾರವೂ ಅವನದೇ, ಮಾತಿನ ಹಿಡಿತವೂ ಅವನದೇ. ಹೊರುವವನಿಗೆ ಉಳಿದವರು ಆರಾಮಾಗಿದ್ದಾರೆ ಅನ್ನಿಸುತ್ತದೆ. ಉಳಿದವರಿಗೆ ಅವನು ಯಜಮಾನಿಕೆ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ, ಕಷ್ಟ ಅದೇ.

ಇದರ ಮೇಲೆ ರಸ್ತೆಯ ಬದುಕು ಬೇರೆ. ಲೀ, ಸ್ಪಾರ್ಕೋ, ಬಿಗ್ ಫಿಗರ್ ಕಾರ್ಯಕ್ರಮ ಮುಗಿದ ಮೇಲೆ ಒಟ್ಟಿಗೆ ಕೂತು ಕುಡಿಯುವವರು. ವಿಲ್ಕೋ ಕುಡಿಯುತ್ತಿರಲಿಲ್ಲ. ಅವನ ಅಭ್ಯಾಸ ಬೇರೆ, ನಿದ್ದೆ ಓಡಿಸುವ ಆಂಫೆಟಮಿನ್. ಇದನ್ನು ಅವನೇ ಮುಂದೆ ಬಚ್ಚಿಡದೆ ಹೇಳಿಕೊಂಡಿದ್ದಾನೆ. ಮೂವರು ಕೆಳಗೆ ಬಾರ್‌ನಲ್ಲಿ, ಒಬ್ಬ ಮೇಲೆ ಕೋಣೆಯಲ್ಲಿ. 1976ರಲ್ಲಿ ಅಮೆರಿಕಕ್ಕೆ ಹೋದಾಗ ಈ ಅಂತರ ಇನ್ನೂ ಬೆಳೆಯಿತು. ಊರಿನಲ್ಲಿದ್ದರೆ ರಾತ್ರಿ ಅವರವರ ಮನೆಗೆ ಹೋಗಬಹುದು. ವಾರಗಟ್ಟಲೆ ಪರದೇಶದಲ್ಲಿ, ದಿನಾ ಅದೇ ವಾಹನ, ಅದೇ ಮುಖ. ಮಾತು ನಿಂತರೆ ನಿಂತೇ ಹೋಗುತ್ತದೆ.

1977ರ ಆರಂಭದಲ್ಲಿ ನಾಲ್ಕನೇ ಆಲ್ಬಂಗೆ ಅಂತ ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೋಗೆ ಹೋದರು. ಹಳ್ಳಿಗಾಡಿನ ನಡುವಿನ ತೋಟದ ಮನೆ ಅದು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಕೆಲಸ. ಜಗಳವಾಡಿದವರು ಎದ್ದುಹೋಗಲು ಜಾಗ ಇಲ್ಲ. ನಿರ್ಮಾಪಕ ಬರ್ಟ್ ಡಿ ಕೋಟೋ, ಅಮೆರಿಕದ ಸೋಲ್ ಸಂಗೀತದಿಂದ ಬಂದವನು. ವಿಲ್ಕೋ ಬಳಿ ಹಾಡುಗಳು ಸಾಲದಾಗಿದ್ದವು. ಆಗ ಉಳಿದ ಮೂವರು ‘ಲಕ್ಕಿ ಸೆವೆನ್’ ಅನ್ನುವ ಒಂದು ಹಾಡನ್ನು ಸೇರಿಸೋಣ ಅಂದರು. ಬರೆದವನು ಲ್ಯೂ ಲೂಯಿಸ್, ಅವರ ಕಡೆಯವನೇ, ಮೌತ್ ಆರ್ಗನ್ ನುಡಿಸುವವನು. ವಿಲ್ಕೋ ಬೇಡ ಅಂದ. ಮಾತಿಗೆ ಮಾತು ಬೆಳೆಯಿತು. ಅದು ಮುಗಿದಾಗ ವಿಲ್ಕೋ ಬ್ಯಾಂಡಿನಲ್ಲಿ ಇರಲಿಲ್ಲ.

ನನ್ನನ್ನು ಹೊರಗೆ ಹಾಕಿದರು ಅಂತ ವಿಲ್ಕೋ ಕೊನೆತನಕ ಹೇಳಿದ. ಅವನೇ ಬಿಟ್ಟುಹೋದ ಅಂತ ಉಳಿದವರು ಹೇಳಿದರು. ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಆಲ್ಬಂ ಮೇ ತಿಂಗಳಲ್ಲಿ ಬಂತು, ‘ಸ್ನೀಕಿನ್ ಸಸ್ಪಿಶನ್’. ‘ಲಕ್ಕಿ ಸೆವೆನ್’ ಅದರಲ್ಲಿದೆ. ಅದನ್ನು ಎಷ್ಟೋ ಸಲ ಕೇಳಿದ್ದೇನೆ. ಕೆಟ್ಟ ಹಾಡೇನಲ್ಲ. ಅಂಥ ಬ್ಯಾಂಡನ್ನು ಒಡೆಯುವಷ್ಟು ದೊಡ್ಡ ಹಾಡೂ ಅಲ್ಲ. ಎರಡು ವರ್ಷದಿಂದ ಒಬ್ಬನ ಹೆಗಲ ಮೇಲೆ ಕೂತಿದ್ದ ಭಾರ ಆವತ್ತು ರಾತ್ರಿ ಈ ಹಾಡಿನ ಹೆಸರು ಹೇಳಿಕೊಂಡು ಕೆಳಗೆ ಬಿತ್ತು.

ಒಡೆದ ಹೊತ್ತನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 1977ರ ಏಪ್ರಿಲ್‌ನಲ್ಲಿ ದಿ ಕ್ಲಾಶ್‌ನ ಮೊದಲ ಆಲ್ಬಂ ಬಂತು. ಪಂಕ್ ಅನ್ನುವ ಒರಟು, ಸಿಟ್ಟಿನ ಹೊಸ ರಾಕ್ ಅಲೆ ದೇಶವನ್ನೇ ಅಲ್ಲಾಡಿಸುತ್ತಿತ್ತು. ಮೂರು ನಿಮಿಷದ ಹಾಡು, ಚಿಕ್ಕ ಕ್ರಾಪು, ಕೆರಳಿದ ಗಿಟಾರು. ಇದನ್ನೆಲ್ಲ ಆ ಹುಡುಗರು ನೋಡಿದ್ದು ಎಲ್ಲಿ? ಕ್ಲಾಶ್‌ನ ಜೋ ಸ್ಟ್ರಮ್ಮರ್ ಅದಕ್ಕೆ ಮುಂಚೆ ಪಬ್ ಬ್ಯಾಂಡಿನಲ್ಲಿದ್ದವನು. ವಿಲ್ಕೋನನ್ನು ನೋಡಿ ಟೆಲಿಕಾಸ್ಟರ್ ಕೊಂಡವನು. ದಿ ಜ್ಯಾಮ್‌ನ ಪಾಲ್ ವೆಲ್ಲರ್ ವಿಲ್ಕೋನ ಋಣವನ್ನು ಬಾಯಿತುಂಬ ಹೇಳಿದ್ದಾನೆ. ಇನ್ನೊಂದು ಋಣ ಲೀಯದು. 1976ರಲ್ಲಿ ಜೇಕ್ ರಿವಿಯೆರಾ, ಡೇವ್ ರಾಬಿನ್ಸನ್ ಸೇರಿ ಸ್ಟಿಫ್ ಅನ್ನುವ ಪುಟ್ಟ ಕಂಪನಿ ಶುರು ಮಾಡಿದಾಗ ಅವರ ಬಂಡವಾಳ ಲೀ ಸಾಲವಾಗಿ ಕೊಟ್ಟ 400 ಪೌಂಡ್. ಬ್ರಿಟನ್ನಿನ ಮೊದಲ ಪಂಕ್ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡ್, ಅಂತ ಹೇಳುವ ದಿ ಡ್ಯಾಮ್ಡ್‌ನ ರೆಕಾರ್ಡ್ ತಂದದ್ದು ಆ ಕಂಪನಿ. ಬೆಳೆ ಬಂದಾಗ ಬಿತ್ತಿದವರು ಬೇರೆ ಬೇರೆಯಾಗಿದ್ದರು.

ಬ್ಯಾಂಡ್ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. ಗಿಪಿ ಮೇಯೋ ಅನ್ನುವ ಒಳ್ಳೆಯ ಗಿಟಾರ್ ವಾದಕ ಬಂದ. 1979ರಲ್ಲಿ ‘ಮಿಲ್ಕ್ ಅಂಡ್ ಆಲ್ಕೋಹಾಲ್’ ಒಂಬತ್ತನೇ ಸ್ಥಾನಕ್ಕೆ ಏರಿತು. ವಿಲ್ಕೋ ಇದ್ದಾಗಲೂ ಇವರ ಯಾವ ಸಿಂಗಲ್ಲೂ ಅಷ್ಟು ಮೇಲೆ ಹೋಗಿರಲಿಲ್ಲ. ಆ ಹಾಡನ್ನು ಬರೆದವರು ಮೇಯೋ ಮತ್ತು ಹೊರಗಿನ ನಿಕ್ ಲೋ. ಗಮನಿಸಿ, ಹಾಡಿಗಾಗಿ ಈಗಲೂ ಹೊರಗೆ ಹೋಗಬೇಕಾಯಿತು. 1981ರಲ್ಲಿ ಮೇಯೋ ಬಿಟ್ಟ. 1982ರಲ್ಲಿ ಸ್ಪಾರ್ಕೋ, ಬಿಗ್ ಫಿಗರ್ ಕೂಡ ಬಿಟ್ಟರು. ಲೀ ಒಬ್ಬನೇ ಉಳಿದ. ಹೊಸಬರನ್ನು ಕಟ್ಟಿಕೊಂಡು ವರ್ಷ ವರ್ಷ ಊರೂರು ತಿರುಗಿದ. ಜನರ ಮುಂದೆ ಹಾಡುವುದು ಅವನ ಕಸುಬು, ಅದನ್ನು ಬಿಡಲಿಲ್ಲ. ಕ್ಯಾನ್ಸರ್ ಬಂತು. 1994ರ ಜನವರಿಯಲ್ಲಿ ಕ್ಯಾನ್ವೀಯಲ್ಲೇ ಕೊನೆಯ ಕಾರ್ಯಕ್ರಮ ಕೊಟ್ಟ. ಏಪ್ರಿಲ್ 7ರಂದು ತೀರಿಕೊಂಡ. ವಯಸ್ಸು 41. ಮೊದಲಿನ ಆ ನಾಲ್ವರು ಮತ್ತೆ ಒಂದಾಗಲೇ ಇಲ್ಲ.

ವಿಲ್ಕೋನ ಆಯುಷ್ಯ ಬೇರೆ ಥರ. ಗಾಯಕ ಇಯನ್ ಡ್ಯೂರಿಯ ಬ್ಯಾಂಡಾದ ಬ್ಲಾಕ್‌ಹೆಡ್ಸ್ ಜೊತೆ ಸ್ವಲ್ಪ ಕಾಲ ಇದ್ದ. ಆಮೇಲೆ ತನ್ನದೇ ಪುಟ್ಟ ಬ್ಯಾಂಡ್. ‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ರಾಜಾಜ್ಞೆಯಂತೆ ತಲೆ ಕಡಿಯುವ ಆ ಮೂಕ ನೆನಪಿರಬಹುದು. ಆ ದೊಡ್ಡ ಕಣ್ಣು ವಿಲ್ಕೋನದು. 2013ರ ಜನವರಿಯಲ್ಲಿ, ವಾಸಿಯಾಗದ ಕ್ಯಾನ್ಸರ್ ಇದೆ ಅಂತ ತಾನೇ ಪ್ರಕಟಿಸಿದ. ಕೀಮೋ ಬೇಡ ಅಂದ. ವಿದಾಯದ ತಿರುಗಾಟ ಮಾಡಿದ. ದಿ ಹೂ ಬ್ಯಾಂಡಿನ ರೋಜರ್ ಡಾಲ್ಟ್ರಿ ಜೊತೆ ಒಂದು ಆಲ್ಬಂ ಮಾಡಿದ, ಅದು ಮೂರನೇ ಸ್ಥಾನಕ್ಕೆ ಬಂತು. ಆ ಆಲ್ಬಂನ ಬಹುಪಾಲು ಹಾಡುಗಳು ವಿಲ್ಕೋ ಎಂದೋ ಬರೆದವು. ಅಷ್ಟರಲ್ಲಿ ಒಬ್ಬ ವೈದ್ಯರಿಗೆ ಅನುಮಾನ ಬಂತು. ಇದು ಅವರು ಅಂದುಕೊಂಡ ಥರದ ಕ್ಯಾನ್ಸರ್ ಇರಲಾರದು ಅಂತ. 2014ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ಆಡೆನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮೂರು ಕಿಲೋಗಿಂತ ಹೆಚ್ಚು ತೂಕದ ಗೆಡ್ಡೆ ತೆಗೆದರು. ಬದುಕಿದ. ಇನ್ನೂ ಎಂಟು ವರ್ಷ ನುಡಿಸಿದ. 2022ರ ನವೆಂಬರ್ 21ರಂದು, 75ನೇ ವಯಸ್ಸಿಗೆ ಹೋದ.

ಇನ್ನು ನನ್ನ ಮಾತು ಸಾಕು. ‘ಸ್ಟುಪಿಡಿಟಿ’ಯ ಎರಡನೇ ಬದಿ ಹಾಕುತ್ತೇನೆ. 1975ರ ನವೆಂಬರ್ 8, ಸೌತ್‌ಎಂಡ್ ಕರ್ಸಾಲ್. ಮೊದಲು ವಿಲ್ಕೋನ ಕೈ ಕೇಳಿ. ಸ್ವರಗಳ ನಡುವೆ ಆ ತಟ್ಟುವ ಸದ್ದು ಇದೆಯಲ್ಲ, ಅದನ್ನು ಹಿಡಿಯಿರಿ. ಆಮೇಲೆ ಲೀ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಆ ಸಂದಿಯಲ್ಲಿ ಗಿಟಾರ್ ಹೇಗೆ ನುಗ್ಗುತ್ತದೆ ಅಂತ ಗಮನಿಸಿ. ಹಿಂದಿನ ಸಾಲಿನವರು ಸ್ವಲ್ಪ ಮುಂದೆ ಬನ್ನಿ. ಇದನ್ನು ಹತ್ತಿರದಿಂದಲೇ ಕೇಳಬೇಕು.